ಎಸ್ತೇರಮ್ಮನ ದ್ರಾಕ್ಷಾರಸ

"ತಮ್ಮ ದೀರ್ಘ ಜೀವನದಲ್ಲಿ ಒಂದು ಸಲವೂ ಕರ್ತನ ಭೋಜನ ತಪ್ಪಿಸಿದವರಲ್ಲ" ಎಂಬ ಸಾಲು ಬಂದಾಗ ಲಿಡಿಯಾ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಆ ಸದ್ದಿಗೆ ಸ್ಯಾಮ್ಯುಯೆಲ್ ಓದುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಏನಕ್ಕಾ?"

"ಆ ಸಾಲು ಇನ್ನೊಂದ್ಸಲ ಓದು."

ಅವನು ಓದಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಉತ್ತರ ಹೊಳೆಯದಾಗ ಕನ್ನಡಕ ಒರೆಸುವುದು ಅವನಿಗೆ ಶಾಲೆಯ ಕಾಲದಿಂದ ಬಂದ ಚಾಳಿ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತನಾದರೂ, ಚರ್ಚಿನ ಸಭೆಗೆ ಕಾರ್ಯದರ್ಶಿಯಾದರೂ ಅದು ಹೋಗಿರಲಿಲ್ಲ.

ತಾಯಿ ಎಸ್ತೇರಮ್ಮ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ತೊಂಬತ್ತು ದಾಟಿದ ಜೀವ. ಬರುವ ಭಾನುವಾರ ಲೂಥರನ್ ಸಭೆಯಲ್ಲಿ ಅವಳ ಜ್ಞಾಪಕಾರ್ಥ ಆರಾಧನೆ, ಅದರ ಜೊತೆಗೇ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನ. ಇಂಥ ಆರಾಧನೆಯಲ್ಲಿ ಮನೆಯವರೊಬ್ಬರು ಎದ್ದು ತೀರಿಕೊಂಡವರ ಜೀವನಚರಿತ್ರೆ ಓದುವುದು ಆ ಸಭೆಯ ಪದ್ಧತಿ. ಹುಟ್ಟಿದ ಊರು, ದೀಕ್ಷಾಸ್ನಾನ ಕೊಟ್ಟ ಸಭಾಪಾಲಕರ, ಅಂದರೆ ಅಯ್ಯನವರ ಹೆಸರು, ಮದುವೆ, ಮಕ್ಕಳು, ಸಭೆಗೆ ಮಾಡಿದ ಸೇವೆ, ಕೊನೆಗೆ ಕರ್ತನಲ್ಲಿ ನಿದ್ರೆಹೋದದ್ದು. ಎಲ್ಲರದೂ ಒಂದೇ ಅಚ್ಚು. ಅವುಗಳನ್ನು ಕೇಳಿದರೆ ಆ ಸಭೆಯಲ್ಲಿ ಇವತ್ತಿನವರೆಗೆ ಒಬ್ಬ ಜಗಳಗಂಟನಾಗಲಿ ಒಬ್ಬ ಸೋಮಾರಿಯಾಗಲಿ ಸತ್ತೇ ಇಲ್ಲ ಎನ್ನಬೇಕು. ಸ್ಯಾಮ್ಯುಯೆಲ್ ತಾಯಿಯದನ್ನೂ ಅದೇ ಅಚ್ಚಿಗೆ ಹಾಕಿ, ಎರಡು ಹಾಳೆ ಟೈಪ್ ಮಾಡಿಸಿ, ಅಕ್ಕನಿಗೆ ಓದಿ ತೋರಿಸಲು ಚಾಮರಾಜಪೇಟೆಯ ಮನೆಗೆ ಬಂದಿದ್ದ. ಬಂದ ಇನ್ನೊಂದು ಕೆಲಸವನ್ನು ಇನ್ನೂ ಬಾಯಿಬಿಟ್ಟಿರಲಿಲ್ಲ.

"ಅಮ್ಮ ಆ ಭೋಜನದ ಹತ್ರ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು," ಎಂದಳು ಲಿಡಿಯಾ. "ನಿನಗೂ ಗೊತ್ತು. ನನಗೂ ಗೊತ್ತು. ಯಾರಿಗೆ ಹೇಳ್ತಿದೀಯ ಈ ಸುಳ್ಳು?"

"ಸುಳ್ಳಲ್ಲಕ್ಕ. ಒಂದು ವಾರನೂ ಚರ್ಚ್ ತಪ್ಪಿಸ್ಲಿಲ್ವಲ್ಲ ಅಮ್ಮ."

"ಚರ್ಚು ತಪ್ಪಿಸ್ಲಿಲ್ಲ ಅಂತ ಬರಿ ಹಾಗಾದ್ರೆ. ಭೋಜನಕ್ಕೆ ಸೇರಿಸಲಿಲ್ಲ ಅಂತಾನೂ ಬರಿ. ಯಾಕೆ ಸೇರಿಸಲಿಲ್ಲ ಅಂತಾನೂ ಬರಿ."

ಯಾಕೆ ಎನ್ನುವುದು ದೊಡ್ಡ ಕತೆಯೇನಲ್ಲ. ಲಿಡಿಯಾ ಮೆಚ್ಚಿ ಮದುವೆಯಾದ ಪ್ರಭುದೇವ ಚಿಕ್ಕಪೇಟೆಯಲ್ಲಿ ಸೀರೆಯಂಗಡಿ ಇಟ್ಟ ಲಿಂಗಾಯತರ ಮನೆಯವನು. ಲಿಡಿಯಾಳ ತಂದೆ ಜ್ಞಾನಮಿತ್ರರು ಸಭೆಯ ಉಪದೇಶಿಗಳು. ಮಕ್ಕಳಿಗೆ ಜ್ಞಾನೋಪದೇಶ ಕಲಿಸುತ್ತಿದ್ದವರು, ಕೈಯಲ್ಲಿ ಬೆತ್ತವಿಲ್ಲದೆಯೇ ಹೆದರಿಸುತ್ತಿದ್ದವರು. ಮಗಳು ಹೀಗೆ ಎಂದು ತಿಳಿದಾಗ ಅವರು ಕೂಗಾಡಲಿಲ್ಲ. "ಆ ಮದುವೆಗೆ ಈ ಮನೆಯಿಂದ ಯಾರೂ ಹೋಗುವುದಿಲ್ಲ" ಎಂದು ಹೇಳಿ ಊಟಕ್ಕೆ ಕೂತರು. ಮದುವೆಯ ದಿನ ಎಸ್ತೇರಮ್ಮ ಬೆಳಿಗ್ಗೆ ಎದ್ದು ಗಂಡನಿಗೆ ತಿಂಡಿ ಮಾಡಿಟ್ಟು, ಮಧ್ಯಾಹ್ನಕ್ಕೆ ಸಾರು ಅನ್ನ ಮುಚ್ಚಿಟ್ಟು, ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು, ಆಟೋ ಹಿಡಿದು ಕಲ್ಯಾಣಮಂಟಪಕ್ಕೆ ಬಂದಳು. ಧಾರೆಯ ಹೊತ್ತಿಗೆ ಮಗಳ ಹಿಂದೆ ನಿಂತಳು. ಯಾರೋ ಕೊಟ್ಟ ಅಕ್ಷತೆಯನ್ನು ಏನು ಮಾಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಊಟ ಮಾಡಿ, ತಾಂಬೂಲ ತೆಗೆದುಕೊಂಡು, ಸಂಜೆಯ ಕಾಫಿ ಹೊತ್ತಿಗೆ ಗಂಡನ ಮುಂದೆ ಲೋಟ ಇಟ್ಟಿದ್ದಳು.

ಅಷ್ಟೇ ಅವಳು ಮಾಡಿದ ಪಾಪ. ಹಿರಿಯರ ಮಂಡಳಿ ಸೇರಿ ಎಸ್ತೇರಮ್ಮನನ್ನು ಭೋಜನದಿಂದ ನಿಲ್ಲಿಸಿತು. ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಮತ್ತೆ ಸೇರಿಸುವುದೆಂದು ಷರತ್ತು. ಆ ತೀರ್ಮಾನವನ್ನು ಭಾನುವಾರ ಓದಿ ಹೇಳಬೇಕಾಗಿದ್ದವರು ಸಭಾಪಾಲಕರು. ಅವರಿಗೆ ಗಂಟಲು ಕೆಟ್ಟಿತ್ತೋ, ಮುಜುಗರವೇ ಆಗಿತ್ತೋ, ಎದ್ದು ಓದಿದವರು ಉಪದೇಶಿಗಳು. ಹೆಂಡತಿಯ ಹೆಸರನ್ನು ಅವಳ ತಂದೆಯ ಹೆಸರಿನ ಸಮೇತ, ಬೇರೆ ಯಾರದೋ ಹೆಸರಿನ ಹಾಗೆ ಓದಿದರಂತೆ. ಎಸ್ತೇರಮ್ಮ ಮುಂದಿನ ಸಾಲಿನಿಂದ ಎದ್ದು ಕೊನೆಯ ಬೆಂಚಿಗೆ ಹೋಗಿ ಕೂತಳು. ಸಾಯುವವರೆಗೂ ಅದೇ ಅವಳ ಜಾಗವಾಯಿತು.

ತಪ್ಪೊಪ್ಪಿಕೊಂಡು ಬಿಡಬಾರದೇ ಎಂದು ಹೇಳಿದವರು ಬಹಳ ಜನ. "ಮಗಳ ಮದುವೆಗೆ ಹೋದದ್ದು ತಪ್ಪು ಅಂತ ದೇವರ ಎದುರಿಗೆ ಹೇಗೆ ಹೇಳ್ಲಿ? ಅವನಿಗೆ ಗೊತ್ತಾಗಲ್ವಾ ನನಗೆ ಹಾಗನ್ನಿಸಿಲ್ಲ ಅಂತ?" ಎನ್ನುತ್ತಿದ್ದಳು. ಉಳಿದ ಎಲ್ಲದರಲ್ಲೂ ಅವಳು ಜ್ಞಾನಮಿತ್ರರ ಹೆಂಡತಿಯಾಗಿಯೇ ಇದ್ದಳು. ಅವರ ಬಿಳಿ ಅಂಗಿಗೆ ನೀಲಿ ಹಾಕಿದಳು, ಉಪ್ಪು ಕಡಿಮೆ ಮಾಡಿದಳು, ಅವರು ಹೇಳಿದ ಹಾಡಿಗೆ ದನಿ ಕೂಡಿಸಿದಳು. ಲಿಡಿಯಾಳಿಗೆ ನೆನೆದರೆ ಈಗಲೂ ಮೈ ಉರಿಯುವುದು ಅದಕ್ಕೇ. ಜಗಳವಾಡಿ ಮನೆ ಬಿಟ್ಟಿದ್ದರೆ ಅರ್ಥವಾಗುತ್ತಿತ್ತು. ಶರಣಾಗಿದ್ದರೂ ಅರ್ಥವಾಗುತ್ತಿತ್ತು. ಈ ಹೆಂಗಸು ಎರಡನ್ನೂ ಮಾಡಲಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ದ್ರಾಕ್ಷಾರಸದ ವಿಷಯ. ಆ ಸಭೆಯಲ್ಲಿ ಭೋಜನಕ್ಕೆ ಅಂಗಡಿಯ ವೈನು ತರುವುದಿಲ್ಲ, ಸಭೆಯ ಹೆಂಗಸೊಬ್ಬಳು ಮನೆಯಲ್ಲಿ ಮಾಡಿ ಕೊಡಬೇಕು. ಎಸ್ತೇರಮ್ಮ ಮದುವೆಯಾಗಿ ಬಂದ ಹೊಸತರಲ್ಲೇ ಅದು ಅವಳ ಪಾಲಿಗೆ ಬಂದಿತ್ತು. ಅವಳನ್ನು ಭೋಜನದಿಂದ ನಿಲ್ಲಿಸಿದ ಹಿರಿಯರಿಗೆ ದ್ರಾಕ್ಷಾರಸ ನಿಲ್ಲಿಸಬೇಕೆಂದು ಹೊಳೆಯಲಿಲ್ಲ. ಹೊಳೆದರೂ ಬೇರೆ ಯಾರಿಗೂ ಆ ಹದ ಬರುತ್ತಿರಲಿಲ್ಲ. ಅವಳ ಕೈ ಬೇಕು, ಬಾಯಿ ಬೇಡ. ಅವಳೂ ಮಾಡಿ ಕೊಡುತ್ತಲೇ ಹೋದಳು.

"ನಿನಗೆ ನಾಚಿಕೆ ಆಗಲ್ವಾ? ಅವರಿಗೆ ಯಾಕೆ ಮಾಡಿಕೊಡ್ತೀಯ?" ಎಂದು ಲಿಡಿಯಾ ಒಮ್ಮೆ ರೇಗಿದ್ದಳು.

"ಆ ಭೋಜನದ ಮೇಜು ನಿಮ್ಮಪ್ಪಂದಲ್ಲ ಕಣೆ."

"ಹಾಗಾದ್ರೆ ಹೋಗಿ ತಗೋ."

"ಕರೀಲಿ. ಹೋಗ್ತೀನಿ."

ಕರೆಯಬೇಕಾದ ಜ್ಞಾನಮಿತ್ರರು ಪಾರ್ಶ್ವವಾಯು ಬಡಿದು ಮಲಗಿದರು. ವರ್ಷಗಟ್ಟಲೆ ಮಲಗಿದರು. ಅವರನ್ನು ಹೊರಳಿಸಿ ಬೆನ್ನಿಗೆ ಪೌಡರ್ ಹಾಕಿದವಳು, ಗಂಜಿ ಕುಡಿಸಿದವಳು, ಹಾಸಿಗೆ ಬದಲಿಸಿದವಳು ಅವಳೇ. ತಿಂಗಳಿಗೊಮ್ಮೆ ಸಭಾಪಾಲಕರು ರೋಗಿಗೆ ಭೋಜನ ಕೊಡಲು ಮನೆಗೆ ಬರುತ್ತಿದ್ದರು. ತಂದೆ ನಿದ್ದೆಹೋಗುವ ಹೊತ್ತು ನೋಡಿಕೊಂಡು ತಾಯಿಯನ್ನು ಕಾಣಲು ಬರುತ್ತಿದ್ದ ಲಿಡಿಯಾ ಒಂದು ಮಧ್ಯಾಹ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಎಸ್ತೇರಮ್ಮ ಗಂಡನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದಿದ್ದಳು. ತಾನೇ ಮಾಡಿದ ರಸದ ಪಾತ್ರೆ ಅವಳ ಮೂಗಿನ ಕೆಳಗಿನಿಂದಲೇ ಅವರ ಬಾಯಿಗೆ ಹೋಯಿತು. ಕಟವಾಯಿಯಲ್ಲಿ ಇಳಿದದ್ದನ್ನು ಅವಳು ಬಟ್ಟೆಯಿಂದ ಒರೆಸಿದಳು. ಅಯ್ಯನವರು ಪಾತ್ರೆ ಮುಚ್ಚಿ ಚೀಲಕ್ಕಿಟ್ಟುಕೊಂಡರು. ಜ್ಞಾನಮಿತ್ರರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಮಾತಿಗೆ ಇನ್ನೂ ಶಕ್ತಿಯಿತ್ತು, "ಇವಳಿಗೂ ಕೊಡಿ" ಎನ್ನಲು ಎರಡೇ ಮಾತು ಸಾಕಿತ್ತು. ಅನ್ನಲಿಲ್ಲ. ಅವತ್ತಿನಿಂದ ಲಿಡಿಯಾ ತಂದೆಯನ್ನು ಕ್ಷಮಿಸಿಲ್ಲ. ಅವರು ಸತ್ತಾಗಲೂ ಕ್ಷಮಿಸಲಿಲ್ಲ, ಈಗಲೂ ಇಲ್ಲ.

ಅವರು ಹೋದ ಮೇಲೆ ಸ್ಯಾಮ್ಯುಯೆಲ್ ತನ್ನ ಫ್ಲ್ಯಾಟಿನಲ್ಲಿ ಜಾಗ ಸಾಲದೆಂದ. ಪ್ರಭುದೇವ ಅತ್ತೆಯನ್ನು ಚಾಮರಾಜಪೇಟೆಗೆ ಕರೆತಂದ. ಜೊತೆಗೆ ದ್ರಾಕ್ಷಾರಸ ಹಾಕುವ ಭರಣಿಯೂ ಬಂತು. ಪ್ರಭುದೇವನ ತಾಯಿ ಶೈಲಜಮ್ಮ ಇಷ್ಟಲಿಂಗ ಪೂಜೆ ಮಾಡದೆ ಕಾಫಿ ಕುಡಿದವಳಲ್ಲ. "ನಮ್ಮನೇಲಿ ಹೆಂಡ ಕೊಳೆ ಹಾಕ್ತಾರಂತಾ?" ಎಂದು ಎರಡು ದಿನ ಮುಖ ತಿರುಗಿಸಿ ಕೂತಳು. ಮೂರನೆಯ ದಿನ, "ದೇವರಿಗೆ ತಾನೆ? ಮೆಟ್ಟಿಲ ಕೆಳಗಿಟ್ಕೊಳ್ಳಿ ಎಸ್ತೇರಮ್ಮ. ಅಡಿಗೆಮನೆಗೆ ಮಾತ್ರ ತರಬೇಡಿ" ಎಂದಳು. ಆಮೇಲೆ ಪ್ರತಿ ಸಲ ಮಾರ್ಕೆಟ್ಟಿನಿಂದ ನೀಲಿ ದ್ರಾಕ್ಷಿಯ ಬುಟ್ಟಿ ಹೊತ್ತು ತಂದವನು ಪ್ರಭುದೇವ. ಬಿಡಿಸಿ ತೊಳೆದವಳು ಮೊಮ್ಮಗಳು ಅಕ್ಷಯಾ. ಶೈಲಜಮ್ಮ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೊಳೆತ ಹಣ್ಣು ಯಾವುದೆಂದು ಬೆರಳು ತೋರಿಸುತ್ತಿದ್ದಳು. ಬಟ್ಟೆ ಕಟ್ಟುವುದು, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುವುದು, ಸೋಸುವುದು ಎಲ್ಲ ಎಸ್ತೇರಮ್ಮನದು. ರುಚಿ ನೋಡುವುದೊಂದು ಬಿಟ್ಟು.

ಭೋಜನದಿಂದ ನಿಲ್ಲಿಸಿದ ದಿನದಿಂದ ಅವಳು ಆ ರಸದ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ. ಭರಣಿಯಿಂದ ಚಮಚದಲ್ಲಿ ಎತ್ತಿ ಮಗಳ ಮುಂದೆ ಹಿಡಿಯುತ್ತಿದ್ದಳು. "ಹುಳಿ ಇದೆಯಾ ನೋಡೆ." ಲಿಡಿಯಾ ನೋಡಿ ಹೇಳಬೇಕು. ಇನ್ನೂ ನಾಲ್ಕು ದಿನ ಬಿಡು, ಸಕ್ಕರೆ ಕಡಿಮೆ, ಈಗ ಸರಿಯಾಗಿದೆ. ನೀನೇ ನೋಡಬಾರದಾ ಎಂದರೆ ಬೇಡವೆಂದು ತಲೆಯಾಡಿಸಿ ಚಮಚ ತೊಳೆಯಲು ಹೋಗುತ್ತಿದ್ದಳು.

ಒಬ್ಬ ಸಭಾಪಾಲಕರು ಒಮ್ಮೆ ಅವಳನ್ನು ಪಕ್ಕಕ್ಕೆ ಕರೆದು, ಹಳೆಯದೆಲ್ಲ ಯಾರಿಗೂ ನೆನಪಿಲ್ಲ, ಸುಮ್ಮನೆ ಮುಂದೆ ಬಂದುಬಿಡಿ ಎಂದಿದ್ದರು. ಅವಳು, "ನಿಲ್ಲಿಸಿದ್ದು ಎಲ್ಲರ ಮುಂದೆ, ಅಯ್ಯನವರೇ. ಕಿವೀಲಿ ಕರೆದ್ರೆ ಹೇಗೆ ಬರ್ಲಿ?" ಎಂದಿದ್ದಳು. ಮನೆಗೆ ಬಂದು ಮಗನಿಗೆ ಫೋನ್ ಮಾಡಿ, ಮಂಡಳಿಯಲ್ಲಿ ಒಂದು ಮಾತು ಎತ್ತು ಮಗಾ ಎಂದು ಕೇಳಿಕೊಂಡಿದ್ದಳು. ಇಡೀ ಬದುಕಿನಲ್ಲಿ ಅವಳು ಮಗನನ್ನು ಕೇಳಿದ್ದು ಅದೊಂದೇ. ಅವನು ಸಭೆಯ ಚುನಾವಣೆ ಮುಗಿಯಲಿ ಎಂದ. ಆಮೇಲೆ ಹೊಸ ಗೇಟು ಕೂತುಬಿಡಲಿ ಎಂದ. ಗೇಟು ಕೂತಿತು, ಬಣ್ಣವನ್ನೂ ಹೊಡೆದರು. ಎಸ್ತೇರಮ್ಮ ಕೊನೆಯ ಬೆಂಚಿನಲ್ಲಿ ಕೂತೇ ಮುದುಕಿಯಾದಳು.

ಈಗ ಅದೇ ಮಗ ಒಂದು ಸಲವೂ ತಪ್ಪಿಸಿದವರಲ್ಲ ಎಂದು ಬರೆದುಕೊಂಡು ಬಂದಿದ್ದಾನೆ.

"ಅಪ್ಪನ ಹೆಸರು ಬರುತ್ತಕ್ಕ," ಎಂದ ಸ್ಯಾಮ್ಯುಯೆಲ್. "ಇಬ್ಬರೂ ಹೋಗಿಬಿಟ್ಟಿದಾರೆ. ಈಗ್ಯಾಕೆ ಅದನ್ನ ಕೆದಕ್ಬೇಕು? ಒಳ್ಳೇದು ನಾಲ್ಕು ಮಾತು ಹೇಳಿ ಮುಗಿಸೋಣ."

"ಒಳ್ಳೇದೇ ಹೇಳು ಅಂತಿದೀನಿ. ಅಮ್ಮ ಸುಳ್ಳು ಹೇಳಲಿಲ್ಲ ಅನ್ನೋದಕ್ಕಿಂತ ಒಳ್ಳೇದು ಏನಿದೆ ನಿನ್ನ ಹಾಳೇಲಿ?"

ಅವನು ಹಾಳೆಗಳನ್ನು ಪಕ್ಕಕ್ಕಿಟ್ಟು, ಬಂದ ಇನ್ನೊಂದು ಕೆಲಸವನ್ನು ಹೊರಗೆ ತೆಗೆದ. ಹೊಸ ಅಯ್ಯನವರು ಭಾನುವಾರಕ್ಕೆ ಎಸ್ತೇರಮ್ಮನ ಕೈಯ ರಸವೇ ಬೇಕೆಂದಿದ್ದಾರೆ. ಕೊನೆಯ ಸಲದ್ದು ಉಳಿದಿದೆಯಂತಲ್ಲ?

ಉಳಿದಿತ್ತು. ಎಸ್ತೇರಮ್ಮ ಮೆಟ್ಟಿಲ ಪಕ್ಕ ಮಣೆಯ ಮೇಲೆ ಕೂತು, ಕೈಯಲ್ಲಾಗದೆ, ಬಾಯಲ್ಲೇ ಹೇಳಿ ಅಕ್ಷಯಾಳಿಂದ ಮಾಡಿಸಿದ ರಸ. ಸೋಸಿ ಬಾಟಲಿಗೆ ತುಂಬಿದ್ದು ಅವಳು ಆಸ್ಪತ್ರೆಗೆ ಹೋಗುವ ಮುಂಚೆ.

"ಆ ಸಾಲು ತೆಗೀ. ನಡೆದದ್ದನ್ನ ನಡೆದ ಹಾಗೆ ಒಂದು ಸಾಲಲ್ಲಿ ಬರಿ. ಎಲ್ಲರ ಮುಂದೆ ಓದ್ತೀನಿ ಅಂತ ಹೇಳು. ಬಾಟ್ಲಿ ತಗೊಂಡು ಹೋಗು," ಎಂದಳು ಲಿಡಿಯಾ. "ಇಲ್ಲಾಂದ್ರೆ ಅಂಗಡಿಯಿಂದ ಜ್ಯೂಸ್ ತಂದು ಕುಡೀರಿ ಎಲ್ಲರೂ."

ಸ್ಯಾಮ್ಯುಯೆಲ್ ಜೇಬಿನಿಂದ ಪೆನ್ನು ತೆಗೆದು ಆ ಸಾಲಿಗೆ ಅಡ್ಡಗೀರು ಎಳೆದ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದು, "ಓದ್ತೀನಕ್ಕ" ಎಂದು ಅಕ್ಕನಿಗೆ ತೋರಿಸಿದ. ಮಗಳ ಮದುವೆಗೆ ಹೋದ ಕಾರಣಕ್ಕೆ ಸಭೆಯು ಇವರನ್ನು ಭೋಜನದಿಂದ ನಿಲ್ಲಿಸಿತ್ತು, ಇವರು ಕೊನೆಯವರೆಗೂ ಕರೆಗಾಗಿ ಕಾದರು ಎಂದಿತ್ತು. ಲಿಡಿಯಾ ಎರಡು ಸಲ ಓದಿದಳು. ಒಳಗೆ ಹೋಗಿ ಬಾಟಲಿ ತಂದು, ಬಿರಡೆ ತೆಗೆದು, ಚಮಚಕ್ಕೆ ಬಗ್ಗಿಸಿ ರುಚಿ ನೋಡಿದಳು. ಹುಳಿಯಿರಲಿಲ್ಲ. ಬಟ್ಟೆ ಸುತ್ತಿ ತಮ್ಮನ ಕೈಗೆ ಕೊಟ್ಟಳು.

ಭಾನುವಾರ ಅವಳು ಪ್ರಭುದೇವ ಮತ್ತು ಅಕ್ಷಯಾರ ಜೊತೆ ಸಭೆಗೆ ಹೋದಳು. ಮದುವೆಯಾದ ಮೇಲೆ ಆ ಬಾಗಿಲಿನೊಳಗೆ ಕಾಲಿಟ್ಟದ್ದು ಹೆಣದ ಹಿಂದೆ ಎರಡು ಸಲ ಮಾತ್ರ. ಪರಿಚಾರಕನೊಬ್ಬ ಮನೆಯವರಿಗೆ ಮೀಸಲಿಟ್ಟ ಮುಂದಿನ ಸಾಲಿಗೆ ಕೈ ತೋರಿಸಿದ. ಅವಳು ಹೋಗದೆ ಕೊನೆಯ ಬೆಂಚಿನಲ್ಲಿ, ತಾಯಿ ಕೂರುತ್ತಿದ್ದ ತುದಿಯಲ್ಲಿ ಕೂತಳು. ಪಕ್ಕದಲ್ಲಿ ಕಮಲಮ್ಮ ಇದ್ದರು, ಎಸ್ತೇರಮ್ಮನ ವಾರಿಗೆಯವರು, ಈಗ ವಾಕರ್ ಹಿಡಿದು ಬರುತ್ತಾರೆ. ಲಿಡಿಯಾಳ ಕೈ ಹಿಡಿದು ಒತ್ತಿದರು. ಮುಂದೆ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಕೆಳಗೆ ರೊಟ್ಟಿ, ತಾಯಿಯ ದ್ರಾಕ್ಷಾರಸ.

ಹಾಡಾಯಿತು, ಪ್ರಾರ್ಥನೆಯಾಯಿತು, ಪ್ರಸಂಗವಾಯಿತು. ಸ್ಯಾಮ್ಯುಯೆಲ್ ಎದ್ದು ಮೊದಲ ಬೆಂಚಿನ ಮುಂದೆ ನಿಂತ. ಹಿಂದೆಲ್ಲ ತಪ್ಪೊಪ್ಪಿಕೊಳ್ಳುವವರು ನಿಲ್ಲುತ್ತಿದ್ದದ್ದೂ ಅಲ್ಲೇ. ಅವನ ಕೈಯಲ್ಲಿದ್ದ ಹಾಳೆಗಳು ಹೊಸದಾಗಿ ಟೈಪ್ ಮಾಡಿಸಿದವು, ಗೀರಿಲ್ಲ, ಸಣ್ಣಕ್ಷರವಿಲ್ಲ. ಲಿಡಿಯಾ ಅದನ್ನು ದೂರದಿಂದಲೇ ಕಂಡು, ಒಳ್ಳೆಯ ಪ್ರತಿ ಮಾಡಿಸಿದ್ದಾನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

"ದಿವಂಗತ ಉಪದೇಶಿ ಜ್ಞಾನಮಿತ್ರರಿಗೆ ಆದರ್ಶ ಪತ್ನಿಯಾಗಿ, ಅವರ ಸೇವೆಯಲ್ಲಿ ಹೆಗಲು ಕೊಟ್ಟು," ಎಂದು ಓದಿದ. "ಮೊಮ್ಮಕ್ಕಳಿಗೆ ಭಕ್ತಿಯ ದಾರಿ ತೋರಿಸಿ," ಎಂದ. ಕೊನೆಗೆ, ದನಿ ಬದಲಾಗದೆ, "ತಮ್ಮ ದೀರ್ಘ ಜೀವನದಲ್ಲಿ ಒಂದು ಸಲವೂ ಕರ್ತನ ಭೋಜನ ತಪ್ಪಿಸಿದವರಲ್ಲ."

ಲಿಡಿಯಾ ಎದ್ದು ನಿಂತಳು.

"ಆ ಸಾಲು ಇನ್ನೊಂದ್ಸಲ ಓದು ಸ್ಯಾಮ್ಯುಯೆಲ್."

ತಲೆಗಳು ತಿರುಗಿದವು. ಅವನು ಕನ್ನಡಕ ತೆಗೆದ. "ಅಕ್ಕ, ಕೂತ್ಕೋ. ಆಮೇಲೆ ಮಾತಾಡೋಣ."

"ಆಮೇಲೆ ಅಂದೂ ಅಂದೂ ಅಮ್ಮನ್ನ ಮಣ್ಣಿಗೆ ಇಟ್ಟಾಯ್ತು. ಈಗ್ಲೇ ಓದು."

ಅವನು ಓದಲಿಲ್ಲ. ಅಯ್ಯನವರು, ಇನ್ನೂ ಮೂವತ್ತೈದು ದಾಟದ ಮನುಷ್ಯ, ಏನು ನಡೆಯುತ್ತಿದೆಯೆಂದು ಗೊತ್ತಾಗದೆ ಮೇಜಿನ ಬಳಿ ನಿಂತಿದ್ದರು. ಲಿಡಿಯಾ ದನಿಯೇರಿಸಲಿಲ್ಲ. ಸೀರೆಯಂಗಡಿಯ ಗಲ್ಲಾದಲ್ಲಿ ಕೂತು ಅಭ್ಯಾಸವಾದ ದನಿ ಅದು, ತಾನಾಗಿ ಮುಂದಿನ ಸಾಲಿನವರೆಗೆ ಕೇಳುತ್ತದೆ.

"ನಮ್ಮಮ್ಮ ನನ್ನ ಮದುವೆಗೆ ಬಂದಳು. ಅದಕ್ಕೆ ನೀವು ಅವಳನ್ನ ಭೋಜನದಿಂದ ನಿಲ್ಲಿಸಿದ್ರಿ. ನಮ್ಮಪ್ಪನೇ ಅಲ್ಲಿ ನಿಂತು ಓದಿದ್ರು. ಅವತ್ತಿಂದ ಸಾಯೋವರೆಗೂ ಇಲ್ಲೇ ಕೂತಿದ್ಳು, ಈ ಜಾಗದಲ್ಲಿ. ನೀವೆಲ್ಲ ಕುಡಿದಿದ್ದು ಅವಳು ಮಾಡಿದ ರಸ. ಅವಳು ಒಂದು ಹನಿ ಮುಟ್ಟಲಿಲ್ಲ. ಯಾರಾದ್ರೂ ಎಲ್ಲರ ಮುಂದೆ ಕರೀತೀರ ಅಂತ ಕಾದ್ಳು. ಕರೀಲಿಲ್ಲ. ಇದನ್ನ ಓದ್ತೀನಿ ಅಂತ ಮಾತು ಕೊಟ್ಟು ಇವನು ಬಾಟ್ಲಿ ತಗೊಂಡು ಬಂದ. ಅಷ್ಟೇ ನಾನು ಹೇಳ್ಬೇಕಾಗಿದ್ದು."

ಮುಂದಿನ ಸಾಲಿನ ಹಿರಿಯರೊಬ್ಬರು, ಇದು ಆರಾಧನೆ, ಮನೆ ಜಗಳಕ್ಕೆ ಜಾಗವಲ್ಲ ಎಂದು ಪಕ್ಕದವರಿಗೆ ಕೇಳುವಷ್ಟು ಹೇಳಿದರು. ಆಗ ಕಮಲಮ್ಮ ಕೂತಲ್ಲಿಂದಲೇ ಮಾತಾಡಿದರು.

"ನಿಜ ಅದು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಪ್ರತಿ ತಿಂಗಳೂ ಅವಳ ಮೊಣಕಾಲು ದಾಟ್ಕೊಂಡು ಮುಂದೆ ಹೋಗಿ ಬರ್ತಿದ್ದೆ. ಅವಳು ಕಾಲು ಒಳಗೆಳ್ಕೊಂಡು ದಾರಿ ಬಿಡೋಳು." ಅವರು ಲಿಡಿಯಾಳ ಕಡೆ ತಿರುಗಿದರು. "ಒಂದ್ಸಲನೂ ನೀನೂ ಬಾರೆ ಅನ್ಲಿಲ್ಲ ನಾನು."

ಸ್ಯಾಮ್ಯುಯೆಲ್ ಹಾಳೆಗಳನ್ನು ಮಡಿಸಿದ. ಇನ್ನೂ ಮಡಿಸಿದ. ಲಿಡಿಯಾ ಅವನ ಮುಖವನ್ನೇ ನೋಡುತ್ತ ನಿಂತಳು. ಈಗಲಾದರೂ ಹೌದು ಎನ್ನುತ್ತಾನೆಂದು ಕಾದಳು. ಒಂದೇ ಮಾತು. ಅವನು ಅಯ್ಯನವರ ಕಡೆ ತಿರುಗಿ, "ಮುಂದುವರಿಸಿ ಅಯ್ಯನವರೇ" ಎಂದು ಹೇಳಿ ಹೋಗಿ ತನ್ನ ಜಾಗದಲ್ಲಿ ಕೂತ. ತಂದೆಯ ಮಗನೇ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಕ್ಷಯಾ ಅವಳ ಸೆರಗು ಹಿಡಿದು ಮೆಲ್ಲಗೆ ಕೂರಿಸಿದಳು. ಪ್ರಭುದೇವ, ಇವರ ಆರಾಧನೆಯಲ್ಲಿ ಎಲ್ಲಿ ಏಳಬೇಕು ಎಲ್ಲಿ ಕೂರಬೇಕೆಂದು ಗೊತ್ತಿಲ್ಲದ ಮನುಷ್ಯ, ಹೆಂಡತಿ ಎದ್ದಾಗ ತಾನೂ ಎದ್ದವನು ಅವಳು ಕೂತ ಮೇಲೇ ಕೂತ.

ಅಯ್ಯನವರು ಬಿಳಿ ಬಟ್ಟೆ ತೆಗೆದು ಮಡಿಸಿದರು. ರೊಟ್ಟಿಯನ್ನೂ ರಸವನ್ನೂ ಎತ್ತಿ ಹೇಳಬೇಕಾದ ಮಾತು ಹೇಳಿದರು. ಜನ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಮೊದಲ ಸಾಲು ಎದ್ದಿತು. ಸ್ಯಾಮ್ಯುಯೆಲ್ ಹೋಗಿ ಮೊಣಕಾಲೂರಿದ, ಪಾತ್ರೆಗೆ ತುಟಿ ಹಚ್ಚಿದ. ಎರಡನೆಯ ಸಾಲು, ಮೂರನೆಯ ಸಾಲು. ಎಲ್ಲರೂ ತಾಯಿಯ ರಸ ಕುಡಿದು ಬಾಯಿ ಒತ್ತಿಕೊಂಡು ತಲೆ ತಗ್ಗಿಸಿ ಬಂದು ಕೂತರು. ಕೊನೆಯ ಬೆಂಚಿನ ಸರದಿ ಬಂದಾಗ ಕಮಲಮ್ಮ ಏಳಲಿಲ್ಲ. ವಾಕರನ್ನು ಪಕ್ಕಕ್ಕೆ ತಳ್ಳಿ ಕೈಕಟ್ಟಿ ಕೂತರು.

ಅಯ್ಯನವರು ಪಾತ್ರೆ ಹಿಡಿದುಕೊಂಡು ಕಾದರು. ಆಮೇಲೆ ಮೆಟ್ಟಿಲು ಇಳಿದು, ಎರಡು ಸಾಲು ಬೆಂಚುಗಳ ನಡುವೆ ನಡೆದು, ಕೊನೆಯ ಬೆಂಚಿನವರೆಗೆ ಬಂದು ಲಿಡಿಯಾಳ ಎದುರು ನಿಂತರು. ಇಡೀ ಸಭೆ ಕುತ್ತಿಗೆ ತಿರುಗಿಸಿ ನೋಡುತ್ತಿತ್ತು.

"ಎಲ್ಲರ ಮುಂದೆ ಕರೀತಿದೀನಮ್ಮ," ಎಂದರು. "ತಗೊಳ್ಳಿ."

ಲಿಡಿಯಾ ಪಾತ್ರೆಯೊಳಗೆ ನೋಡಿದಳು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ನನಗೆ ಇದರ ರುಚಿ ಗೊತ್ತು ಅಯ್ಯನವರೇ," ಎಂದಳು. "ಮೂವತ್ತು ವರ್ಷ ರುಚಿ ನೋಡದೆ ಹೋದವಳು ನಮ್ಮಮ್ಮ. ಕರೀಬೇಕಾಗಿದ್ದದ್ದು ಅವಳನ್ನ."